ಎಂಟೂವರೆಯ ದನಿ

"ನಿಮ್ಮ ಈ ಆಟಿಕೆ ಒಳಗೆ ಯಾರೋ ಒಬ್ಬರು ಹೆಂಗಸಿದ್ದಾರೆ."

ಹಾಗೆಂದು ಅವರು ನಕ್ಷತ್ರದ ಪ್ರೊಜೆಕ್ಟರನ್ನು ಕೌಂಟರ್ ಮೇಲಿಟ್ಟಾಗ ಅಂಗಡಿ ಬಾಗಿಲು ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಧೂಳು ಹೊಡೆಯುವ ಬಟ್ಟೆ ಕೈಯಲ್ಲಿ ಹಿಡಿದೇ ನೋಡಿದೆ. ಬೂದು ಬಣ್ಣದ ಯೂನಿಫಾರ್ಮ್, ಜೇಬಿನ ಮೇಲೆ 'ಲಿಫ್ಟ್ ಸರ್ವಿಸ್' ಎಂಬ ಅಕ್ಷರ, ನಿದ್ದೆಗೆಟ್ಟ ಕಣ್ಣು. ಬೆಳಗ್ಗೆ ಬೆಳಗ್ಗೆಯೇ ತಲೆ ತಿನ್ನುವ ಗಿರಾಕಿ ಎಂದುಕೊಂಡೆ.

"ಅದರೊಳಗೆ ಒಂದು ಬಲ್ಬು, ಒಂದು ಮೋಟರ್ ಬಿಟ್ರೆ ಇರುವೆಗೂ ಜಾಗ ಇಲ್ಲ ಸಾರ್."

ಅವರು ನಗಲಿಲ್ಲ. ಬಟನ್ ಒತ್ತಿದರು. ಮೊದಲು ಮೋಟರಿನ ಗುಂಯ್ ಶಬ್ದ, ಆಮೇಲೆ ದನಿ. "ಕಣ್ಮುಚ್ಚು ಚಿನ್ನ. ನಾನು ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ."

ನನ್ನದೇ ದನಿ.

ಅಪ್ಪ ಅಮ್ಮ ತಮ್ಮ ದನಿಯನ್ನು ಅದರಲ್ಲಿ ರೆಕಾರ್ಡ್ ಮಾಡಿಡಬಹುದು, ದೀಪ ಹಚ್ಚಿದಾಗಲೆಲ್ಲ ಮಗುವಿಗೆ ಕೇಳಿಸುತ್ತದೆ. ನಮ್ಮ ಯಜಮಾನರು ಗಿರಾಕಿಗಳಿಗೆ ತೋರಿಸುವಾಗ "ಹಲೋ ಹಲೋ ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದರು. ಜನ ನಕ್ಕು ಹೊರಟುಹೋಗುತ್ತಿದ್ದರು. ಅದಕ್ಕೇ ತಾಯಂದಿರು ಕರಗುವಂಥ ಒಂದು ಮಾತನ್ನು ನಾನು ಡೆಮೊ ಪೀಸಿನಲ್ಲಿ ತುಂಬಿಸಿದ್ದೆ. ಇವರು ಕೊಳ್ಳಲು ಬಂದ ದಿನ ಸ್ಟಾಕ್ ಮುಗಿದಿತ್ತು, ಅವಸರ ಮಾಡಿದರು, ಡೆಮೊ ಪೀಸನ್ನೇ ಕಟ್ಟಿಕೊಟ್ಟೆ. ಅಳಿಸುವುದನ್ನು ಮರೆತೆ.

"ಅಯ್ಯೋ ಸಾರ್, ಅದು ನಾನೇ!" ನಗುತ್ತಾ ಅಳಿಸಲು ಕೈ ಚಾಚಿದೆ. ಅವರು ಡಬ್ಬಿಯನ್ನು ಎದೆಗೊತ್ತಿಕೊಂಡರು.

"ಬೇಡ. ಇವತ್ತು ರಾತ್ರಿ ಎಂಟೂವರೆಗೆ ಮಲಗೋವಾಗ ಮಗಳು ಇದನ್ನ ಕೇಳ್ತಾಳೆ."

ಮಗಳಿಗೆ ಐದು ವರ್ಷ. ಮನೆಯಲ್ಲಿ ಬಟಾಣಿ ಎಂದೇ ಕರೆಯುತ್ತಾರೆ. ತಾಯಿ ತೀರಿಕೊಂಡು ಹದಿನಾಲ್ಕು ತಿಂಗಳು. ಆಟಿಕೆ ಕೊಂಡ ದಿನ ಕೋಣೆಯ ದೀಪ ಆರಿಸಿ ಇದನ್ನು ಹಾಕಿದರಂತೆ. ಚಾವಣಿ ತುಂಬ ನಕ್ಷತ್ರ, ಹಿಂದೆಯೇ ದನಿ. ಮಗು ದಡಕ್ಕನೆ ಎದ್ದು ಕೂತು "ಅಮ್ಮ ಬಂದ್ಲು" ಎಂದಿತಂತೆ.

ಚಾಚಿದ ಕೈಯನ್ನು ಹಿಂದೆಗೆದೆ. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಹನ್ನೊಂದು ದಿನದಿಂದ ತಕರಾರಿಲ್ದೆ ಮಲಗ್ತಿದ್ದಾಳೆ," ಎಂದರು ಅವರು. "ಅದಕ್ಕೇ ನನಗೆ ಭಯ, ಅಮ್ಮನೇ ಅಂತ ನಂಬಿದ್ದಾಳೆ. ದನಿ ಇಲ್ಲದ್ದು ಬೇರೆ ಯಾವುದಾದ್ರೂ ಅವಳೇ ಆರಿಸ್ಕೊಳ್ಲಿ. ಶನಿವಾರ ಕರ್ಕೊಂಡು ಬರ್ತೀನಿ. ಆದ್ರೆ ಅವಳ ಮುಂದೆ ನೀವು ಮಾತಾಡ್ಬಾರ್ದು. ಒಂದಕ್ಷರಾನೂ."

"ನಾನಾ? ಅದರ ಬದಲು ಉಸಿರಾಡ್ಬೇಡಿ ಅನ್ನಿ."

ಆಗ ಮೊದಲ ಸಲ ಅವರ ತುಟಿಯ ಒಂದು ಕೊನೆ ಮಾತ್ರ ಅಲುಗಿತು. ನನ್ನ ಮುಖವನ್ನು, ಅದರಲ್ಲೂ ಬಾಯಿಯನ್ನು, ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. "ಕಷ್ಟ ಅಂತ ಗೊತ್ತು," ಎಂದು ಮೆಟ್ಟಿಲಿಳಿದು ಹೋದರು.

ನನಗೆ ಮೂವತ್ತನಾಲ್ಕು. ಇರುವುದು ಒಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಸ್ಟೌವ್. ಆ ರಾತ್ರಿ ಎಂಟೂವರೆಗೆ ತಟ್ಟೆಯಲ್ಲಿ ಕೈ ಹಾಗೇ ನಿಂತಿತು. ನಾನು ನೋಡಿರದ ಯಾವುದೋ ಮನೆಯಲ್ಲಿ, ಈ ಹೊತ್ತಿಗೆ ಸರಿಯಾಗಿ, ನನ್ನ ದನಿ ನನ್ನನ್ನು ಬಿಟ್ಟು ಮಾತಾಡುತ್ತಿದೆ. ಇಲ್ಲೇ ಇದ್ದೀನಿ ಅನ್ನುತ್ತಿದೆ, ನಾನು ಅಲ್ಲಿಲ್ಲ. ಹೋದವಳ ಮನೆಯಲ್ಲಿ, ಅವಳ ಹೆಸರಿನಲ್ಲಿ, ನಾನು ಓಡಾಡುತ್ತಿದ್ದೆ.

ತಟ್ಟೆ ಸರಿಸಿ ಎದ್ದೆ. ಕನ್ನಡಿಯ ಮುಂದೆ ನಿಂತು ಅದೇ ಮಾತನ್ನು ಹೇಳಿ ನೋಡಿದೆ. ತುಟಿ ನನ್ನದು, ದನಿ ಬೇರೆ ಯಾರದೋ ಅನ್ನಿಸಿತು. ಬದುಕಿರುವ ಯಾರಿಗೂ ನಾನು ಆ ಮಾತು ಹೇಳಿದವಳಲ್ಲ. ಹೇಳಿಸಿಕೊಳ್ಳುವವರೂ ಇರಲಿಲ್ಲ.

ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರನೆಯ ದಿನ ಎಂಟು ಗಂಟೆಯಿಂದಲೇ ಗಡಿಯಾರ ನೋಡುತ್ತಾ ಕೂತಿದ್ದೆ. ಭಯವೂ ಇತ್ತು, ಕಾತರವೂ ಇತ್ತು. ಆ ಮನೆಯಲ್ಲಿ ನನ್ನನ್ನು ಇನ್ನೂ ಯಾರು ಕೇಳುತ್ತಿರಬಹುದು ಎಂಬ ಯೋಚನೆ ಬಿಡಲಿಲ್ಲ.

ಶನಿವಾರ ಬಂದರು. ಬಟಾಣಿಗೆ ಎರಡು ಜಡೆ, ಒಂದು ಮೇಲೆ, ಒಂದು ಕೆಳಗೆ. ಅಪ್ಪ ಹಾಕಿದ್ದೆಂದು ಯಾರಾದರೂ ಹೇಳಬಹುದಿತ್ತು.

"ಆಂಟಿ ಯಾಕೆ ಮಾತಾಡಲ್ಲ?"

"ಗಂಟಲು ನೋವಂತೆ," ಎಂದರು ಅವರು, ನನ್ನ ಕಡೆ ಕಳ್ಳನೋಟ ಬೀರಿ. ನಾನು ಗಂಟಲು ಹಿಡಿದುಕೊಂಡು ಮುಖ ಕಿವುಚಿದೆ. ಹುಡುಗಿ ನಕ್ಕಳು. ಅವರೂ ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿದರು.

ಅಂಗಡಿಯ ಹಿಂದೆ ಕಪ್ಪು ಪರದೆ ಎಳೆದ ಸ್ಟೋರ್ ರೂಮಿದೆ. ಹಾಡಹಗಲಲ್ಲೂ ಕಗ್ಗತ್ತಲು. ಪ್ರೊಜೆಕ್ಟರ್‌ಗಳನ್ನು ಅಲ್ಲೇ ತೋರಿಸುವುದು. ಮೊದಲು ಮೊಲದ ಆಕಾರದ್ದನ್ನು ಹಾಕಿದೆ. ದೊಡ್ಡ ದೊಡ್ಡ ಮಸುಕು ಚುಕ್ಕೆಗಳು ಸುತ್ತತೊಡಗಿದವು.

"ಗೋಡೆಗೆ ದದ್ದು ಎದ್ದಿದೆ," ಎಂದಳು ಬಟಾಣಿ.

ಅವರು ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. "ಮೋಟರ್ ಸರಿಯಿಲ್ಲ. ಆರು ತಿಂಗಳಿಗೆ ಕಿರಿಚೋಕೆ ಶುರು ಮಾಡುತ್ತೆ." ಎರಡನೆಯದು ಹಸಿರು ಲೇಸರಿನದು. ಅದು ಮಕ್ಕಳ ಕಣ್ಣಿಗೆ ಒಳ್ಳೆಯದಲ್ಲ ಎಂದು ತಿಳಿಸಲು ನಾನು ಕಣ್ಣು ಮುಚ್ಚಿ, ಕೈ ಆಡಿಸಿ, ತಡವರಿಸಿ ನಡೆದು ಕುಣಿಯಬೇಕಾಯಿತು. ಆ ಹಸಿರು ಚುಕ್ಕೆಗಳ ನಡುವೆ ಅವರು ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದ ಕೂಡಲೇ ಚಾವಣಿ ನೋಡಿದರು.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಪರದೆ ಸರಿಸಿ ಹೊರಗೆ ಹೋದರು. "ಮೇಡಂ, ಗಾಬರಿ ಆಗ್ಬೇಡಿ. ಲಿಫ್ಟ್ ಬೀಳಲ್ಲ. ಗೋಡೆಗೆ ಒರಗಿ ನಿಂತ್ಕೊಳ್ಳಿ. ನಮ್ಮವರು ಹೊರಟಿದ್ದಾರೆ. ಬಾಗಿಲು ತೆಗೆಯೋವರೆಗೂ ನಾನು ಫೋನ್ ಇಡಲ್ಲ."

ಎಂಥ ದನಿ! ಯಾವುದೋ ಕಟ್ಟಡದಲ್ಲಿ ಸಿಕ್ಕಿಬಿದ್ದ ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅದನ್ನೇ ಕೇಳುತ್ತಾ, ಮೂರನೆಯ ಪ್ರೊಜೆಕ್ಟರ್ ಹಚ್ಚುವ ಮೊದಲೇ ಹಸಿರಿನದರ ಪ್ಲಗ್ ಎಳೆದುಬಿಟ್ಟೆ. ಎಲ್ಲ ಕತ್ತಲಾಯಿತು. ಬಟಾಣಿ ಕಿಟಾರನೆ ಕಿರುಚಿಕೊಂಡಳು.

"ಹೆದರ್ಕೋಬೇಡ ಚಿನ್ನ, ನಾನು ಇಲ್ಲೇ ಇದ್ದೀನಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಿರುಚಾಟ ನಿಂತಿತು. ಪುಟ್ಟ ಬೆರಳುಗಳು ನನ್ನ ಮೂಗು, ಕನ್ನಡಕ, ಗಲ್ಲವನ್ನೆಲ್ಲ ತಡಕಿದವು.

"ನೀನು ಡಬ್ಬಿ ಆಂಟಿನಾ?"

ಇನ್ನು ಮುಚ್ಚಿಡುವಂತಿರಲಿಲ್ಲ. "ಹೂಂ ಮರಿ. ನೀನು ಅಮ್ಮ ಅಂದ್ಕೊಂಡಿದ್ಯಲ್ಲ?"

"ಒಂದೇ ದಿನ. ಅಮ್ಮ ನನ್ನ ಚಿನ್ನ ಅಂತಿರ್ಲಿಲ್ಲ, ಬಟಾಣಿ ಅಂತಿದ್ಲು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಕಿವಿಗೆ ಬಾಯಿ ಹಚ್ಚಿದಳು. ಮಕ್ಕಳ ಗುಟ್ಟು, ಇಡೀ ಕೋಣೆಗೆ ಕೇಳಿಸುವಂಥದ್ದು. "ಅಪ್ಪ ಬಾಗಿಲ ಆಚೆ ಕೂತ್ಕೊಂಡು ನಿನ್ನ ದನಿ ಕೇಳ್ತಾರೆ. ಮುಂಚೆ ಅಲ್ಲೇ ಕೂತು ಅಳ್ತಿದ್ರು. ಈಗ ಅಳಲ್ಲ."

ಪರದೆ ಅಲುಗಿತು. ಅವರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ! "ಆ ಮೇಡಂ ಹೊರಗೆ ಬಂದ್ರು," ಎಂದರು, ನಾವೇನೋ ಕೇಳಿದ್ದೆವು ಎಂಬಂತೆ.

ಬಟಾಣಿ ಮೂರನೆಯದನ್ನು ಆರಿಸಿದಳು. ದುಂಡಗಿನದು, ಮೋಟರ್ ಇಲ್ಲ, ದನಿ ಇಲ್ಲ. ನಕ್ಷತ್ರಗಳ ಚಿತ್ರವಿರುವ ಸಣ್ಣ ಬಿಲ್ಲೆ ಹಾಕಿದರೆ ನಿಜವಾದ ಆಕಾಶ ಚಾವಣಿಯಲ್ಲಿ ಅಲುಗದೆ ನಿಲ್ಲುತ್ತದೆ. ಹೊಸ ಬಾಕ್ಸ್ ಕಟ್ಟಿಸಿಕೊಳ್ಳಲು ಅವಳು ಯಜಮಾನರ ಬಳಿಗೆ ಓಡಿದಳು. ಆ ನಿಂತ ನಕ್ಷತ್ರಗಳ ಕೆಳಗೆ ಉಳಿದವರು ನಾವಿಬ್ಬರೇ.

"ಮೊದಲ ದಿನ ನನಗೂ ಬಟಾಣಿ ಅಮ್ಮನೇ ಅನ್ನಿಸ್ತು," ಎಂದರು ಅವರು. "ಆಮೇಲೆ ಅಲ್ಲ ಅಂತ ಗೊತ್ತಾಯ್ತು. ಹಾಗಾದ್ರೆ ಅವಳ ದನಿ ಹೇಗಿತ್ತು ಅಂತ ನೆನೆಸ್ಕೊಳ್ಳೋಕೆ ಹೋದೆ. ಬರ್ಲಿಲ್ಲ. ನಿಮ್ಮದೇ ಬರುತ್ತೆ. ಅವಳ ಮುಖ ಕಣ್ಮುಂದೆ ತಂದ್ಕೊಂಡ್ರೂ, ಬಾಯಿ ತೆಗೆದ್ರೆ ನಿಮ್ಮ ದನಿ. ಅವಳನ್ನ ಎರಡನೇ ಸಲ ಕಳ್ಕೊಂಡೆ. ಆದ್ರೂ ಎಂಟೂವರೆ ಆದ್ರೆ ಬಾಗಿಲ ಹತ್ರ ಹೋಗಿ ಕೂತಿರ್ತೀನಿ."

ನನ್ನನ್ನು ಯಾರೂ ಇಷ್ಟು ಹತ್ತಿರ ಇಟ್ಟುಕೊಂಡಿರಲಿಲ್ಲ. ಆ ಸುಖಕ್ಕೆ ಕಣ್ಣು ತುಂಬಿತು. ಹಿಂದೆಯೇ ಭಯವಾಯಿತು, ಏಕೆಂದರೆ ನಾನು ಮಾತಾಡುತ್ತಿದ್ದದ್ದು ಇನ್ನೊಬ್ಬಳ ಬಾಯಿಂದ. ಬದಲಿಸಲೆಂದು ಅವರು ತಂದಿಟ್ಟಿದ್ದ ಹಳೆಯ ಡಬ್ಬಿಯನ್ನು ಅವರ ಕೈಗಿತ್ತೆ.

"ಈ ಬಟನ್ನ ಮೂರು ಸೆಕೆಂಡ್ ಒತ್ತಿ ಹಿಡೀರಿ. ಅಳಿಸಿಹೋಗುತ್ತೆ."

"ನಿಮಗೆ ಬೇಜಾರಾಗಲ್ವಾ?"

"ಆಗುತ್ತೆ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಅದಕ್ಕೇ ಹೇಳ್ತಿರೋದು. ಅವಳ ಜಾಗ ಕದ್ದು ನಾನು ನಿಮ್ಮನೇಲಿ ಇರಲ್ಲ."

ಅವರು ಬಟನ್ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಅದರ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಒಂದು, ಎರಡು, ಮೂರು. ಸಣ್ಣ ಕೆಂಪು ದೀಪ ಮಿನುಗಿ ಆರಿತು. ಅವರು ಮಗಳ ಕೈ ಹಿಡಿದು ಹೊರಟುಹೋದರು.

ಮೂರು ವಾರ ಸುದ್ದಿಯಿಲ್ಲ. ಎಂಟೂವರೆ ಬರುತ್ತಿತ್ತು, ಹೋಗುತ್ತಿತ್ತು. ನನ್ನದಲ್ಲದ ಮನೆಯಲ್ಲಿ ನಾನು ಸತ್ತು ಹೋಗಿದ್ದೆ, ಅತ್ತವಳೂ ನಾನೊಬ್ಬಳೇ.

ಒಂದು ಬೆಳಗ್ಗೆ ಅವರು ಬಂದರು. ಕೈಯಲ್ಲಿ ಡಬ್ಬಿಯಿಲ್ಲ, ಜೊತೆಗೆ ಮಗಳಿಲ್ಲ.

"ನಿನ್ನೆ ಸ್ನಾನ ಮಾಡಿ ಬಂದು ಒದ್ದೆ ಟವೆಲ್ ಮಂಚದ ಮೇಲೆ ಎಸೆದೆ," ಎಂದರು, ಏದುಸಿರು ಬಿಡುತ್ತಾ. "ಎಸೆದ ಕೂಡ್ಲೇ ಕೇಳಿಸ್ತು. 'ಎಷ್ಟು ಸಲ ಬಡ್ಕೋಬೇಕು ನಿಮಗೆ, ಅದೇನು ಮಂಚಾನಾ ಬಟ್ಟೆ ಹಗ್ಗಾನಾ?' ಅವಳದೇ. ಒಡಕು ಗಂಟಲು. ತಿರುಗಿ ನೋಡಿದೆ, ಯಾರೂ ಇರ್ಲಿಲ್ಲ. ಆದ್ರೆ ಇದ್ಲು." ಕಣ್ಣಲ್ಲಿ ನೀರು, ಮುಖದಲ್ಲಿ ನಗು.

ಹೊಳೆಯುತ್ತಿದ್ದ ಕೌಂಟರಿನ ಗಾಜನ್ನೇ ಮತ್ತೆ ಒರೆಸಿದೆ. "ಒಳ್ಳೇದಾಯ್ತು. ಅವಳ ಮನೆ ಅವಳಿಗೆ ಸಿಕ್ತು."

"ಸಿಕ್ತು. ಇನ್ನು ಅವಳು ಹೋಗಲ್ಲ. ಅದನ್ನ ನಿಮಗೆ ಮೊದಲೇ ಹೇಳ್ಬೇಕು ಅನ್ನಿಸ್ತು."

"ಯಾವುದಕ್ಕೆ ಮೊದಲು?"

ಅವರ ಕಿವಿ ಕೆಂಪಾಯಿತು. "ನಿಮ್ಮ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ಕೇಳೋದಕ್ಕೆ ಮೊದಲು."

"ನೋಡಿ, ನಾನು ಡಬ್ಬಿಯಲ್ಲಿದ್ದ ಹಾಗೆ ಮೆಲ್ಲಗೆ ಮಾತಾಡೋಳಲ್ಲ. ಒದ್ದೆ ಟವೆಲ್ ಕಂಡ್ರೆ ನಾನೂ ಬೈತೀನಿ."

"ಇಬ್ಬರೂ ಸೇರಿ ಬೈದ್ರೆ ನನ್ನ ಗತಿ?"

"ಅದು ನಿಮ್ಮ ಹಣೆಬರಹ. ಏಳಕ್ಕೆ ಮುಚ್ಚುತ್ತೆ, ಬನ್ನಿ."

ಆ ಮನೆಯಲ್ಲಿ ಅವಳಿದ್ದಾಳೆ. ಇರಲಿ. ನನ್ನಂಥ ಬಾಯಿಬಡುಕಿಗೆ ಮಾತಾಡಲು ಇನ್ನೊಬ್ಬರು ಸಿಕ್ಕಂತಾಯಿತು.