ಆರು ವಾರ ಬೆಳಕಿರಲಿಲ್ಲ

"ನನ್ನ ಕಾಲು ಮುಟ್ಬೇಡಿ."

ಭೂಮಿಕಾ ಚನ್ನೇಶನಿಗೆ ಹೇಳಿದ ಮೊದಲ ಮಾತೇ ಇದು.

ತುಮಕೂರಿನ ಒಂದು ಖಾಸಗಿ ಸೆಂಟರಿನಲ್ಲಿ ನರದ ಕಾಯಿಲೆಯವರಿಗೆ ಬೆಳಕಿನ ಚಿಕಿತ್ಸೆ ಕೊಡುವ ಕುಣಿಗಲ್ಲಿನ ಹುಡುಗ ಅವನು. ಅವಳು ಗುಬ್ಬಿಯಲ್ಲಿ ಬ್ಲೌಸ್ ಹೊಲಿಯುವವಳು. ಅಪ್ಪನಿಂದ ಬಂದ ಕಾಯಿಲೆ. ಪಾದ ಮರಗಟ್ಟಿ, ನಡೆದರೆ ಮುಂಗಾಲು ಜೋತುಬೀಳುತ್ತಿತ್ತು. ಅದಕ್ಕೇ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ.

"ಮುಟ್ದೆ ಪ್ಯಾಡ್ ಕಟ್ಟೋದು ಹೆಂಗೆ ಅಂತ ನೀವೇ ಹೇಳ್ಕೊಡಿ ಮೇಡಂ. ನಾನು ಎಸ್ಸೆಲ್ಸಿ ಫೇಲು."

ಅವಳಿಗೆ ನಗು ಬಂತು. ಕಾಲು ಚಾಚಿದಳು.

ಪ್ಯಾಡಿನಿಂದ ಬರುವ ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಪ್ರತಿ ಸಲ ಕೇಳುತ್ತಿದ್ದ, "ಬೆಚ್ಚಗಾಗ್ತೈತಾ?"

"ಹ್ಞೂಂ."

ಮರಗಟ್ಟಿದ ಪಾದವನ್ನು ಹಾಗೆ ಕೇಳಬಾರದೆಂದು ಅವನಿಗೆ ಹೊಳೆಯಲೇ ಇಲ್ಲ.

ವಾರಕ್ಕೆರಡು ದಿನ, ನಾಲ್ಕು ತಿಂಗಳು. ಮೇಡಂ ಹೋಗಿ ಭೂಮಿ ಆಯಿತು. ಒಂದು ದಿನ ಅವಳು ಪಟ್ಟಿ ಇಲ್ಲದೆ ಬಂದಳು.

"ಸೆಳೆತ ಕಮ್ಮಿ ಆಗೈತೆ ಕಣೋ. ಇನ್ನು ಪಟ್ಟಿ ಬ್ಯಾಡ."

ಅವನ ಮುಖ ಬಿಳುಚಿತು. ಆದರೂ ಎಂದಿನಂತೆ ಪ್ಯಾಡ್ ಕಟ್ಟಿದ.

ಅವತ್ತೇ ಗುಬ್ಬಿಯಲ್ಲಿ ಬಸ್ ಇಳಿಯುವಾಗ ಮುಂಗಾಲು ಮೆಟ್ಟಿಲಿಗೆ ಸಿಕ್ಕಿ ಬಿದ್ದಳು. ಬಲಗೈ ಮುರಿಯಿತು. ಕತ್ತರಿ ಹಿಡಿಯುವ ಕೈ.

ಬರಲಾಗುವುದಿಲ್ಲ ಎಂದು ಸೆಂಟರಿಗೆ ಫೋನ್ ಮಾಡಿದಾಗ ರಿಸೆಪ್ಷನ್ನಿನ ಅಕ್ಷತಾ ಅಂದಳು, "ಆ ಪ್ಯಾಡ್ ಕೆಟ್ಟು ಆರು ವಾರ ಆಯ್ತಲ್ಲಾ. ಚನ್ನೇಶ್ ಹೇಳ್ಲಿಲ್ವಾ?"

ಆರು ವಾರ… ಹನ್ನೆರಡು ಸಲ ನನ್ನ ಮುಖ ನೋಡ್ಕೊಂಡು ಬೆಚ್ಚಗಾಗ್ತೈತಾ ಅಂದನಲ್ಲ… ಸತ್ತ ಪ್ಯಾಡ್ ಕಟ್ಟಿ…

ಕಾಯಿಲೆಯವರಿಗೆ ಸುಳ್ಳು ಹೇಳುವವರನ್ನು ಕ್ಷಮಿಸಬಾರದು. ಪ್ರೀತಿಯಿಂದ ಹೇಳಿದವರನ್ನಂತೂ ಕ್ಷಮಿಸಲೇಬಾರದು.

ಅವಳು ಅವನ ಫೋನ್ ಎತ್ತಲಿಲ್ಲ. ಹತ್ತನೇ ದಿನ ಅವನೇ ಗುಬ್ಬಿಗೆ ಬಂದು ಬಾಗಿಲಲ್ಲಿ ನಿಂತ. ಅವಳ ಅಪ್ಪ ಮೂಡಲಗಿರಿಯಪ್ಪ ಮೇಲಿಂದ ಕೆಳಗೆ ನೋಡಿದ.

"ಏನ್ಲಾ, ನೀನೇನಾ ಆ ಕೆಟ್ಟ ಮೆಷಿನ್ನು?"

"ಹ್ಞೂಂ ಯಜಮಾನ್ರೇ."

ಅಪ್ಪ ಒಳಗೆ ಹೋದ. ಜಗಲಿಯಲ್ಲಿ ಕೂತಿದ್ದ ಭೂಮಿಕಾ ತಲೆ ಎತ್ತಲಿಲ್ಲ.

"ಗೊತ್ತಿತ್ತಾ?"

"ಗೊತ್ತಿತ್ತು. ಹೊಸದು ಬರೋವರ್ಗೂ ಸುಮ್ನೆ ಕಟ್ಟು ಅಂದ್ರು ಸೆಂಟರ್ನೋರು. ಹೇಳಿದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ…"

"ನಾನು ಬರ್ಲಿ ಅಂತ ನನ್ ಕೈ ಮುರೀಬೇಕಿತ್ತಾ?"



"ಕೆಲ್ಸ ಬಿಟ್ಟೆ. ಆ ಪ್ಯಾಡ್ ಕಟ್ಟಿಸ್ಕೊಂಡೋರ ಮನೆಮನೆಗೂ ಹೋಗಿ ನಿಜ ಹೇಳ್ದೆ. ನಿಮ್ದೇ ಕೊನೇ ಮನೆ. ಇಲ್ಲಿಗ್ ಬರಾಕೆ ಧೈರ್ಯ ಸಾಲ್ಲಿಲ್ಲ. ಇನ್ನೊಂದ್ ಮಾತು… ಬೆಳಕಿದ್ದಾಗ್ಲೂ ಅದು ಕಾಯಿಲೆ ವಾಸಿ ಮಾಡ್ತಿರ್ಲಿಲ್ಲ ಭೂಮಿ. ಪಟ್ಟಿ ಬಿಡ್ಬೇಡ."

ಅವಳು ಆಗ ತಲೆ ಎತ್ತಿದಳು.

"ನಂದೂ ಒಂದ್ ಸುಳ್ಳೈತೆ. ಮೊದ್ಲ ದಿನದಿಂದ್ಲೂ ನಂಗೆ ಬೆಚ್ಚಗೆ ಆಗೇ ಇಲ್ಲ."

"ಮತ್ತೆ ಹ್ಞೂಂ ಅಂತಿದ್ದೆ?"

"ಇಲ್ಲ ಅಂದ್ರೆ ನಿನ್ ಮುಖ ಸಣ್ಣಗಾಗ್ತಿತ್ತು. ನೋಡಾಕಾಗ್ತಿರ್ಲಿಲ್ಲ. ಆದ್ರೆ ನನ್ ಸುಳ್ಳಿಂದ ಯಾರ ಕೈಯೂ ಮುರೀಲಿಲ್ಲ ಕಣೋ."

ಚನ್ನೇಶ ಕಣ್ಣೊರೆಸಿಕೊಂಡ. "ನೀನಂದ್ರೆ ಇಷ್ಟ ಕಣೇ."

"ಗೊತ್ತು. ಅದ್ಕೇ ಹೊಟ್ಟೆ ಉರಿಯೋದು."

"ಈ ಕೋಪ ಎಷ್ಟ್ ದಿನ ಇರ್ತೈತೆ?"

"ಕೈ ಕೂಡೋವರ್ಗಂತೂ ಇರ್ತೈತೆ."

"ದಿನಾ ಬಂದು ಬೈಸ್ಕೊಳ್ಲಾ?"

ಅವಳು ಜಗಲಿಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು.

"ಕೂತ್ಕೋ. ಇವತ್ತಿಂದು ಇನ್ನೂ ಮುಗ್ದಿಲ್ಲ."