ಇರುವೆ ಮುತ್ತದ ಬಾಟಲಿ

“ಬಿಸಿಲಿಗೆ ಒಣಗಿ ಬಿದ್ದವನ ಉಂಗುರ ಸಡಿಲವಾಗಬೇಕಲ್ಲ, ಬಿಗಿಯಾದದ್ದು ಹೇಗೆ?”

ಅನಸೂಯಮ್ಮ ಹೀಗೆ ಕೇಳಿದ್ದು ಅಡುಗೆಮನೆಯ ಕಿಟಕಿಯನ್ನು. ಗಂಡ ಶ್ಯಾಮಸುಂದರ್ ಬೆನ್ನಿಗೇ ಕಾಫಿ ಲೋಟ ಹಿಡಿದು ನಿಂತಿದ್ದರೂ ಉತ್ತರ ಕೊಡಲಿಲ್ಲ. ಹೆಂಡತಿ ಗೋಡೆಗೋ ಗಾಳಿಗೋ ಪ್ರಶ್ನೆ ಹಾಕುವಾಗ ನಡುವೆ ಬಾಯಿ ಹಾಕಬಾರದೆಂದು ಅವರಿಗೆ ಗೊತ್ತಿತ್ತು. ಅವರದು ಬ್ಯಾಂಕಿನ ಕೆಲಸ. ಆಕೆಯದು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ. ಆದರೆ ಕುವೈತಿನ ಫರ್ವಾನಿಯಾದ ಕನ್ನಡಿಗರಲ್ಲಿ ಯಾವ ಗಂಟು ಬಿದ್ದರೂ ಬಿಡಿಸಲು ಬರುತ್ತಿದ್ದುದು ಅನಸೂಯಮ್ಮನ ಬಾಗಿಲಿಗೆ.

ಅದು ತೊಂಬತ್ತರ ಜೂನ್. ಶುಕ್ರವಾರ ಬೆಳಿಗ್ಗೆ ಊರವರ ಸಂಘ ಗಲ್ಫ್ ರಸ್ತೆಯಲ್ಲಿ ದೂರದ ಓಟ ಏರ್ಪಡಿಸಿತ್ತು. ಹೋಟೆಲಿನಲ್ಲಿ ಕೆಲಸ ಮಾಡುವ ಲತೀಶ್ ಎಲ್ಲ ನಿಲುಗಡೆಗಳಲ್ಲೂ ಹೊಟ್ಟೆ ತುಂಬ ನೀರು ಕುಡಿದು ಓಡಿದ್ದ. ಕೊನೆಯ ತಿರುವಿನಲ್ಲಿ ವಾಂತಿ ಮಾಡಿಕೊಂಡು, ಹೆಂಡತಿ ಚಂಪಾಳ ಗುರುತೂ ಸಿಗದೆ ಬಿದ್ದುಬಿಟ್ಟ. ಆಸ್ಪತ್ರೆಯಲ್ಲಿ ಬಾತ ಬೆರಳಿನಿಂದ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು. ರಕ್ತದಲ್ಲಿ ವಿಷದ ಸುಳಿವಿರಲಿಲ್ಲ. ಉಪ್ಪಿನ ಅಂಶ ಮಾತ್ರ ಪಾತಾಳ ಕಂಡಿತ್ತು.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಂದವನು ಮಮ್ಮಾಲಿ, ಕೆಳಗಿನ ಬೀದಿಯ ಕೆಫೆಟೇರಿಯಾದವನು. ಓಟಗಾರರಿಗೆ ನಿಂಬೆ, ಸಕ್ಕರೆ, ಉಪ್ಪು ಬೆರೆಸಿದ ಶರಬತ್ತು ಕೊಟ್ಟವನು ಅವನೇ.

“ಅಮ್ಮಾ, ನನ್ನ ಶರಬತ್ತು ಕೆಟ್ಟದ್ದಂತೆ. ವೀಸಾ ಕೊಟ್ಟ ಕಫೀಲ್ ಅಂಗಡಿಗೆ ಬೀಗ ಹಾಕಿದ್ದಾನೆ. ನಾಳೆ ಸಂಜೆಯೊಳಗೆ ನಿಜ ಗೊತ್ತಾಗದಿದ್ದರೆ ಇಕಾಮಾ ಖಲಾಸ್, ಇಲ್ಲಿರುವ ಪರವಾನಗಿ ರದ್ದು, ವಿಮಾನ ಹತ್ತು ಅಂದಿದ್ದಾನೆ.”

“ಉಪ್ಪು ಹಾಕಿದ್ದೆಯಾ?”

“ಉಪ್ಪು ಹಾಕದೆ ಶರಬತ್ತು ಮಾಡಿದರೆ ನನ್ನನ್ನು ಯಾರಾದರೂ ಮಮ್ಮಾಲಿ ಅಂತಾರಾ?”

ಅನಸೂಯಮ್ಮ ಚಪ್ಪಲಿ ಮೆಟ್ಟಿದರು, ಹಿಂದೆಯೇ ಗಂಡನೂ.

ಸಂಘದ ಕೋಣೆಯಲ್ಲಿ ಓಟದ ದಿನದ ಬಾಟಲಿಗಳು ತೊಳೆಯದೆ ಹಾಗೇ ಬಿದ್ದಿದ್ದವು. ಲತೀಶನ ಜೊತೆಗಾರ ಸುಕೇಶ್ ತೋರಿಸಿದ. ಸುಕೇಶನ ಬಾಟಲಿಯ ಕತ್ತಿನಲ್ಲಿ ಇರುವೆಗಳ ಸಾಲು, ತಳದಲ್ಲಿ ಒಣಗಿದ ನಿಂಬೆಬೀಜ. ಪಕ್ಕದಲ್ಲೇ ಇದ್ದ ಲತೀಶನ ಬಾಟಲಿಯತ್ತ ಒಂದು ಇರುವೆಯೂ ಮುಖ ಮಾಡಿರಲಿಲ್ಲ.

“ಓಟದ ಬೆಳಿಗ್ಗೆ ಇವನ್ನು ಕಾರಿನಲ್ಲಿ ತಂದವನು ನೀನೇ ಅಲ್ವಾ?” ಎಂದರು.

“ಹೌದಕ್ಕ. ಅದಕ್ಕೇ ಎಲ್ಲರೂ ನನ್ನನ್ನೂ ಓರೆಗಣ್ಣಿನಲ್ಲಿ ನೋಡುದು. ಅವನನ್ನು ಸೋಲಿಸಿ ನನಗೆ ಎಂತ ಆಗ್ಲಿಕ್ಕುಂಟು? ಹೆಂಡತಿ ಊರಿಂದ ಬರುವಾಗ ಹೊಟ್ಟೆ ಸ್ವಲ್ಪ ಇಳಿದಿರ್ಲಿ ಅಂತ ಓಡಿದ್ದು ನಾನು.”

“ಬಾಟಲಿಗಳು ತಣ್ಣಗಿದ್ದವಾ?”

“ಹಿಂದಿನ ಸಂಜೆಯೇ ಮಮ್ಮಾಲಿ ನನ್ನೆದುರೇ ಒಂದೇ ಪಾತ್ರೆಯಿಂದ ತುಂಬಿಸಿ ಕೊಟ್ಟಿದ್ದ. ಅವರವರ ಮನೆಯ ಫ್ರೀಜರಿನಲ್ಲಿ ಇಟ್ಟಿದ್ದೆವು. ನನ್ನದು ಮಬ್ಬು ಹಳದಿ, ಅದುಮಿದರೆ ಪುಡಿಪುಡಿ. ಲತೀಶನದು ಮಾತ್ರ ಗಾಜಿನ ಹಾಗೆ, ಕಲ್ಲು ಮಾರಾಯ್ರೆ. ದಾರಿಯುದ್ದಕ್ಕೂ ಕುತ್ತಿಗೆಗೆ ಒತ್ತಿಕೊಂಡೇ ಬಂದೆ.”

ಅನಸೂಯಮ್ಮ ಮುಗುಳ್ನಕ್ಕರು. ಮನೆಗೆ ಬರುವ ದಾರಿಯಲ್ಲಿ ಗಂಡನನ್ನು ಒಂದೇ ಮಾತು ಕೇಳಿದರು. “ಏನ್ರೀ, ಶುಕ್ರವಾರ ಆಸ್ಪತ್ರೆಗೆ ಚಂಪಾಗೆ ಇಡ್ಲಿ ತಗೊಂಡು ಹೋಗಿದ್ರಲ್ಲ, ತಿಂದಳಾ?”

“ಇಲ್ಲ. ಬಾಳೆಹಣ್ಣು ಸಾಕು ಅಂದಳು. ನಾನೂ ಅವತ್ತು ಹಣ್ಣಿನ ಮೇಲೇ ಇದ್ದೆನಲ್ಲ, ಒತ್ತಾಯ ಮಾಡಲಿಲ್ಲ.”

ಮರುದಿನ ಸಂಜೆ ಅವರ ಹಜಾರದಲ್ಲಿ ಎಲ್ಲರೂ ಸೇರಿದರು. ಆಸ್ಪತ್ರೆಯಿಂದ ಬಿಡುಗಡೆಯಾದ ಲತೀಶ್ ಸೋಫಾಕ್ಕೆ ಒರಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ಚಂಪಾ, ಎದುರಿಗೆ ಸುಕೇಶ್. ಮಮ್ಮಾಲಿ ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ ಬಾಗಿಲ ಬಳಿ ನಿಂತ.

“ಲತೀಶ್ ನೀರಿಲ್ಲದೆ ಬಿದ್ದದ್ದಲ್ಲ, ನೀರು ಹೆಚ್ಚಾಗಿ ಬಿದ್ದದ್ದು,” ಅನಸೂಯಮ್ಮ ಶುರು ಮಾಡಿದರು. “ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತೆ. ಗಂಟೆಗಟ್ಟಲೆ ಓಡುವವನು ಬರೀ ನೀರನ್ನೇ ಸುರಿದುಕೊಂಡರೆ ಉಳಿದ ಉಪ್ಪೂ ತೆಳ್ಳಗಾಗಿ, ಕೈ ಬಾತುಕೊಳ್ಳುತ್ತೆ, ಮಿದುಳೂ ಬಾತುಕೊಳ್ಳುತ್ತೆ. ಉಂಗುರ ಬಿಗಿಯಾದದ್ದು ಹಾಗೆ. ಅಂದರೆ ಅವನ ಬಾಟಲಿಗೆ ಯಾರೂ ಏನನ್ನೂ ಬೆರೆಸಲಿಲ್ಲ. ಅದರಲ್ಲಿದ್ದದ್ದನ್ನು ತೆಗೆದರು.”

“ಮಮ್ಮಾಲಿಯೇ ಖಾಲಿ ನೀರು ಕೊಟ್ಟಿದ್ದರೆ?” ಸುಕೇಶ್ ಕೇಳಿದ.

“ಎರಡೂ ಬಾಟಲಿಗೆ ಒಂದೇ ಪಾತ್ರೆಯಿಂದ ಸುರಿದದ್ದನ್ನು ನೀನೇ ನೋಡಿದ್ದೀಯ. ನಿನ್ನದಕ್ಕೆ ಇರುವೆ ಮುತ್ತಿದೆ. ಅವನದರಲ್ಲಿ ಸಕ್ಕರೆಯ ಅಂಟೂ ಇಲ್ಲ, ಬೀಜವೂ ಇಲ್ಲ.”

“ಹಾಗಾದರೆ ಕಾರಿನಲ್ಲಿ ನಾನು…”

“ನಿನ್ನ ಕೈಗೆ ಬಂದಾಗಲೇ ಅದು ಕಲ್ಲಾಗಿತ್ತಲ್ಲ? ಸಕ್ಕರೆ, ಉಪ್ಪು, ನಿಂಬೆ ಸೇರಿದ್ದು ಗಾಜಿನ ಹಾಗೆ ಹೆಪ್ಪುಗಟ್ಟಲ್ಲ. ಫ್ರೀಜರಿಗೆ ಹೋಗುವ ಮೊದಲೇ ಶರಬತ್ತು ಚೆಲ್ಲಿ, ನೀರು ತುಂಬಿಸಿ ಆಗಿತ್ತು. ಆ ಫ್ರೀಜರ್ ಇರುವುದು ಲತೀಶನ ಮನೆಯಲ್ಲಿ. ಶುಕ್ರವಾರ ಏಕಾದಶಿ. ಅನ್ನ ಬಿಟ್ಟು ಹಣ್ಣು ತಿಂದವರು ಇಬ್ಬರು, ನಮ್ಮ ಮನೆಯವರು ಮತ್ತು ಚಂಪಾ.”

ಚಂಪಾ ತಲೆ ತಗ್ಗಿಸಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿತ್ತು.

“ಇವರಿಗೆ ಏನೂ ಆಗಬಾರದು ಅಂತ ಹರಕೆ ಹೊತ್ತಿದ್ದೆ ಅಕ್ಕ. ಏಕಾದಶಿಗೆ ಇಬ್ಬರೂ ಉಪ್ಪು ಮುಟ್ಟುದಿಲ್ಲ ಅಂತ. ಇವರು ಕೇಳ್ಲಿಲ್ಲ. ನೀರು ಕುಡಿಯಬಾರದು ಅಂತ ಇಲ್ಲವಲ್ಲ, ನೀರಿನಿಂದ ಎಂತ ಆಗ್ತದೆ ಅಂತ…”

ಶ್ಯಾಮಸುಂದರ್ ನೆಲ ನೋಡಿದರು. ತಾವೂ ಅದೇ ದೇವರ ಹೆಸರಿನಲ್ಲಿ ಅದೇ ದಿನ ಉಪವಾಸವಿದ್ದವರು. ಆಕೆಯ ಮೇಲೆ ಕೋಪ ಮಾಡಿಕೊಳ್ಳಲು ಅವರಿಂದಾಗಲಿಲ್ಲ.

“ಮೊದಲ ಗುಟುಕಿಗೇ ನಿನಗೆ ಗೊತ್ತಾಗಿರಬೇಕು, ಲತೀಶ್,” ಎಂದರು ಅನಸೂಯಮ್ಮ.

“ಗೊತ್ತಾಯ್ತು ಅಕ್ಕ. ಹೇಳಿದರೆ ಇವಳ ಹೆಸರು ಹೊರಗೆ ಬರ್ತದೆ ಅಂತ ಸುಮ್ಮನಿದ್ದೆ.”

“ಮಮ್ಮಾಲಿಯ ಅಂಗಡಿಗೆ ಬೀಗ ಬಿದ್ದಾಗಲೂ?”

ಕೆಳಗೆ ಕಾರೊಂದು ಹಾರ್ನ್ ಹಾಕಿತು. ಕಫೀಲ್ ಬಂದಿದ್ದ. ಲತೀಶ್ ಕಷ್ಟಪಟ್ಟು ಎದ್ದು ಮಮ್ಮಾಲಿಯ ಕೈ ಹಿಡಿದುಕೊಂಡ.

“ಮಮ್ಮಾಲಿಚ್ಚ, ಒಂದು ಉಪಕಾರ ಮಾಡಿ. ಅವತ್ತು ನನ್ನ ಬಾಟಲಿಗೆ ತುಂಬಿಸ್ಲಿಕ್ಕೆ ಮರೆತು ನೀರು ಕೊಟ್ಟೆ ಅಂತ ನೀವೇ ಹೇಳಿಬಿಡಿ. ಮರೆವಿಗೆ ಯಾರೂ ಊರಿಗೆ ಕಳಿಸುದಿಲ್ಲ. ಕಫೀಲನ ಕಾಲು ಹಿಡಿದು ನಾನೇ ಮಾತಾಡ್ತೇನೆ. ಇಲ್ಲದಿದ್ದರೆ ಗಂಡನಿಗೆ ಹೀಗೆ ಮಾಡಿದವಳು ಅಂತ ಇವಳ ಹೆಸರು ಕುವೈತಿಡೀ ಸುತ್ತುತ್ತದೆ.”

ಮಮ್ಮಾಲಿ ಚಂಪಾಳನ್ನು ನೋಡಿದ, ಆಕೆಯ ಒದ್ದೆ ಕಣ್ಣುಗಳನ್ನೂ ನೋಡಿದ. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ.

“ಆಗುದಿಲ್ಲ,” ಎಂದ. “ನಾನು ಉಪ್ಪು ಹಾಕಿದ್ದೇನೆ.”