ಥಾಮ್ಸನ್ನನ ಲಾಡು

ನನ್ನ ಪರಮಾಣುವನ್ನು ಆ ಮನುಷ್ಯ ಹುಡುಗರಿಗೆ ತಿನ್ನಲು ಹಂಚಿಬಿಟ್ಟಿದ್ದ!

ಸವಣೂರಿನ ವಿಜ್ಞಾನ ಪ್ರದರ್ಶನಕ್ಕೆಂದು ಹತ್ತಿಮತ್ತೂರಿನ ನಮ್ಮ ಶಾಲೆಯಿಂದ, ಪರಮಾಣು ಹೇಗಿದೆಯೆಂದು ವಿಜ್ಞಾನಿಗಳು ಒಬ್ಬರಾದ ಮೇಲೊಬ್ಬರು ಊಹಿಸಿದ ಐದು ಮಾದರಿ ತಂದಿದ್ದೆ. ಡಾಲ್ಟನ್ನನಿಗೆ ಗಟ್ಟಿ ಗೋಲಿ, ಥಾಮ್ಸನ್ನನಿಗೆ ಒಣದ್ರಾಕ್ಷಿ ಚುಚ್ಚಿದ ಬೂಂದಿ ಲಾಡು, ರುದರ್‌ಫೋರ್ಡ್‌ಗೆ ನಡುವೆ ಒಂದೇ ಕಾಳಿದ್ದ ಖಾಲಿ ಬುಟ್ಟಿ, ಬೋರ್‌ಗೆ ಬಳೆಗಳ ಸುತ್ತು, ಕೊನೆಗೆ ಇಂದಿನ ಎಲೆಕ್ಟ್ರಾನ್ ಮೋಡಕ್ಕೆ ಹಿಂಜಿದ ಹತ್ತಿ. ಊಟ ಮುಗಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಹತ್ತಿಯೊಂದೇ ಉಳಿದಿತ್ತು.

ಹಿರೇಬೆಂಡಿಗೇರಿಯ ವಿಜ್ಞಾನ ಮಾಸ್ತರ ಮಾಲತೇಶ, ಪ್ರದರ್ಶನದ ಉಸ್ತುವಾರಿ, ಬೆರಳಿಗಂಟಿದ ಸಕ್ಕರೆ ಒರೆಸಿಕೊಳ್ಳುತ್ತಿದ್ದ.

"ಹಳೇ ಮಾದರಿ ಎಲ್ಲಾ ತಪ್ಪ ಅದಾವಲ್ರಿ ತನುಜಾ ಟೀಚರ್. ಹುಡುಗ್ರಿಗೆ ಗೊಂದಲ ಆಗ್ತದಂತ ತಗದಿಟ್ಟೆ. ಲಾಡು ಕೆಡ್ತದಂತ ಹಂಚಿದೆ."

ಎಂಥ ಗಂಡಸು! ಇವನನ್ನೇ ಮದುವೆಯಾಗುತ್ತೇನೋ ಇಲ್ಲವೋ ಎಂದು ಸಂಜೆಯೊಳಗೆ ನಾನು ಅವ್ವನಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೋದ ವರ್ಷ ಇವನೇ ನನ್ನ ಫೋಟೋ ನೋಡಿ ಬೇಡವೆಂದಿದ್ದ. ಈಗ ತಾನಾಗಿಯೇ ಕೇಳಿ ಕಳಿಸಿದ್ದ. ಹಳೆಯದರ ಬಗ್ಗೆ ಒಂದೇ ಒಂದು ಮಾತಿಲ್ಲ.

"ತಪ್ಪು ಅಂತ ಒಗದುಬಿಟ್ರ, ಸರಿ ಹ್ಯಾಂಗ ಬಂತಂತ ಯಾರು ಹೇಳ್ತಾರ್ರಿ?" ಎಂದು ಒದರಿದೆ. "ಬಂಗಾರದ ಹಾಳೆಗೆ ಹೊಡೆದ ಕಣ ತಿರುಗಿ ಬಂದಾಗ ರುದರ್‌ಫೋರ್ಡ್ ಥಾಮ್ಸನ್ನನ ಲಾಡು ತಪ್ಪಂತ ಬಿಟ್ಟ. ನೀವು ಆಗ ಬ್ಯಾಡ ಅಂದ್ರಿ, ಈಗ ಬೇಕು ಅಂತೀರಿ. ನಿಮಗೇನ ತಿರುಗಿ ಬಡೀತು?"

ಅವನ ಕಿವಿ ಕೆಂಪಾದವು. ಓರೆಗಣ್ಣಿನಲ್ಲಿ ನನ್ನನ್ನು ನೋಡಿ, ಕೂಡಲೇ ಹತ್ತಿಯ ಕಡೆ ತಿರುಗಿದ.

"ನಿಮಗ ಭಾಳ ಸೊಕ್ಕು ಅಂತ ಮಂದಿ ಹೇಳಿದ್ರು. ನಂಬಿದೆ. ಆಮ್ಯಾಲೆ ಶಿಕ್ಷಕರ ತರಬೇತಿಯೊಳಗ ನಲವತ್ತು ಮಂದಿ ಮುಂದ ನನ್ನ ಬೋರ್ ಕಕ್ಷೆಯ ಲೆಕ್ಕ ತಪ್ಪಂದ್ರಿ. ವಾಪಸ್ ಬಸ್ಸಿನ್ಯಾಗ ಯಲವಿಗಿ ತನಕ ನಿಮ್ಮನ್ನ ಬೈಕೋತ ಹೋದೆ. ಮನ್ಯಾಗ ಪುಸ್ತಕ ತಗದ್ರ ನೀವಂದದ್ದ ಖರೇ. ಅವತ್ತಿಂದ ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ತಲ್ಯಾಗ ಬರವಲ್ರು. ಹೇಳಾಕ ನಾಚಿಕಿ ಆತ್ರಿ."

"ಆಗಬೇಕಾದದ್ದ! ಮುಂದನೂ ತಪ್ಪು ಮಾಡಿ ಹಿಂಗ ಮುಚ್ಚಿಡ್ತೀರೇನು?"

"ಇಲ್ರಿ, ಎಲ್ಲಾ ಹೇಳ್ತೇನಿ. ಈಗೂ ಒಂದು ಅದ... ಗೋಲಿ ಎಲ್ಲಿಟ್ಟೇನಿ ಅಂತ ನೆನಪಿಲ್ಲ."

ನಗು ಬಂತು, ನುಂಗಿಕೊಂಡೆ. ಅವನ ಎದುರಿಗೇ ಅವ್ವನಿಗೆ ಫೋನ್ ಹಚ್ಚಿದೆ.

"ಅವ್ವಾ, ಹೂಂ ಅಂತ ಹೇಳಿಬಿಡು!"

"ಖುಷಿ ಸುದ್ದಿನ ಹಿಂಗ್ಯಾಕ ಒದರಿ ಹೇಳಾಕತ್ತೀ?" ಎಂದಳು ಅವ್ವ.

"ಅಂವಾ ಇಲ್ಲೇ ನಿಂತಾನ. ಕೇಳ್ಲಿ ಅಂತ."